ವಾದಪರೀಕ್ಷೆಯ ಅಭ್ಯಾಸ: ಕವಿರಾಜಮಾರ್ಗದ ಕರ್ತೃತ್ವವಿಚಾರ ಒಂದು ನಿದರ್ಶನ

ಸಂಶೋಧನಕ್ಷೇತ್ರವನ್ನು ಪ್ರವೇಶಿಸಬಯಸುವ ವಿದ್ಯಾರ್ಥಿಗೆ ಗ್ರಂಥಗಳ ಅರ್ಥಜ್ಞಾನವಷ್ಟೇ ಸಾಲದು. ವಿದ್ವಾಂಸರ ವಾದಗಳನ್ನು ಪರೀಕ್ಷಿಸುವ ಶಕ್ತಿಯೂ ಬೇಕು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ‘ನೆಟ್’ ಪರೀಕ್ಷೆಯ ಮೊದಲನೆಯ ಪತ್ರಿಕೆಯು ಈ ಶಕ್ತಿಯನ್ನೂ ಅಳೆಯುತ್ತದೆ. 2019ರಲ್ಲಿ ಪರಿಷ್ಕೃತವಾದ ಅದರ ಪಠ್ಯಕ್ರಮದಲ್ಲಿ ಗದ್ಯಭಾಗದ ಗ್ರಹಿಕೆಯೊಡನೆ ಪ್ರಮಾಣ, ವ್ಯಾಪ್ತಿ, ಹೇತ್ವಾಭಾಸಗಳಿಗೂ ಸ್ಥಾನ ದೊರೆತಿದೆ. 2024ರಿಂದ ಅದರ ಅಂಕಗಳು ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿತವಾಗಿವೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜೈನಶಾಸ್ತ್ರ, ಪ್ರಾಕೃತಗಳನ್ನು ವ್ಯಾಸಂಗ ಮಾಡುವವರಿಗೆ ಇದು ಹೊಸ ವಿದ್ಯೆಯಲ್ಲ. ಮಾಣಿಕ್ಯನಂದಿಯ ‘ಪರೀಕ್ಷಾಮುಖ’ವು ಅಸಿದ್ಧ, ವಿರುದ್ಧ, ಅನೈಕಾಂತಿಕ, ಅಕಿಂಚಿತ್ಕರಗಳೆಂಬ ನಾಲ್ಕು ಹೇತ್ವಾಭಾಸಗಳನ್ನು ನಿರೂಪಿಸಿದೆ. ಇವುಗಳನ್ನು ಆಧುನಿಕ ವಾದಕ್ಕೆ ಅನ್ವಯಿಸುವ ಬಗೆಗೆ ಕವಿರಾಜಮಾರ್ಗದ ಕರ್ತೃತ್ವವಿಚಾರವು ಉಚಿತ ನಿದರ್ಶನವಾಗಿದೆ.

1898ರಲ್ಲಿ ಈ ಗ್ರಂಥವನ್ನು ಪ್ರಕಟಿಸಿದ ಕೆ. ಬಿ. ಪಾಠಕರು ಇದನ್ನು ನೃಪತುಂಗನ ಕೃತಿಯೆಂದೇ ಭಾವಿಸಿದರು. ‘ಪರಿಚ್ಛೇದಾಂತ್ಯದಲ್ಲಿ ಅರಸನ ಹೆಸರಿದೆ; ಆದುದರಿಂದ ಅವನೇ ಕರ್ತೃ’ ಎಂಬುದು ವಾದವಾದರೆ, ಪ್ರತಿಜ್ಞೆಯೂ ಹೇತುವೂ ಸ್ಪಷ್ಟವಾಗಿವೆ. ಹೇಳದೆ ಉಳಿದಿರುವುದು ವ್ಯಾಪ್ತಿ: ಅಲ್ಲಿ ಯಾರ ಹೆಸರು ಬರುವುದೋ ಅವನೇ ಕರ್ತೃ. ಆಶ್ರಯದಾತನ ಹೆಸರೂ ಅಲ್ಲಿ ಬರಬಹುದಾದುದರಿಂದ ಹೇತುವು ಅನೈಕಾಂತಿಕ. ಅಲ್ಲದೆ ಅಲ್ಲಿರುವ ವಿಶೇಷಣ ‘ನೃಪತುಂಗದೇವಾನುಮತ’ ಎಂಬುದು, ಅನುಮತಿ ರಚನೆಯಲ್ಲ.

ಎದುರು ಪಕ್ಷವನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ‘ಗ್ರಂಥದಲ್ಲಿ ಶ್ರೀವಿಜಯನ ಹೆಸರಿದೆ, ಆದುದರಿಂದ ಅವನೇ ಕರ್ತೃ’ ಎಂದಷ್ಟೇ ಹೇಳಿದರೆ ಅದೂ ಸದೋಷ, ಏಕೆಂದರೆ ಪೂರ್ವಕವಿಗಳ ಪಟ್ಟಿಯಲ್ಲಿಯೂ ಶ್ರೀವಿಜಯನೆಂಬ ಹೆಸರು ಕಾಣುತ್ತದೆ. ಅವನೇ ಕರ್ತೃವೆಂಬ ಮತವು ಇಂದು ಬಹುಜನಸಮ್ಮತವಾಗಿದ್ದರೂ, ಆ ಸಮ್ಮತಿಯು ದುರ್ಬಲ ಹೇತುವನ್ನು ಸಬಲಗೊಳಿಸಲಾರದು.

ಪರೀಕ್ಷೆಯಲ್ಲಿ ಪಂಡಿತಪರಂಪರೆಯ ವಿದ್ಯಾರ್ಥಿಯು ಎಡವುವ ಸ್ಥಳವೂ ಇದೇ. ‘ಅನುಮತ’ ಎಂಬ ಪದವೊಂದನ್ನೇ ಆಧರಿಸಿದ ಗದ್ಯಭಾಗದಿಂದ ಏನು ಸಿದ್ಧವಾಗುತ್ತದೆಂದು ಕೇಳಿದರೆ, ‘ಶ್ರೀವಿಜಯನು ಕರ್ತೃ’ ಎಂಬ ಉತ್ತರವು ತಾನು ಕಲಿತ ಮತಕ್ಕೆ ಒಪ್ಪಿದರೂ ಅಗ್ರಾಹ್ಯ. ‘ಗ್ರಂಥಕ್ಕೆ ಅರಸನ ಸಮ್ಮತಿಯಿತ್ತು’ ಎಂಬಷ್ಟೇ ಸಿದ್ಧ. ಹೆಚ್ಚು ತಿಳಿದವನು ಹೆಚ್ಚು ಆರೋಪಿಸುವ ಅಪಾಯವಿದೆ.

ಆದುದರಿಂದ ಪ್ರತಿದಿನವೂ ಪ್ರಬಂಧವೊಂದರ ಪುಟವನ್ನು ಓದಿ, ಪ್ರತಿಜ್ಞೆ, ಹೇತು, ಅನುಕ್ತವ್ಯಾಪ್ತಿಗಳನ್ನು ಬೇರೆಬೇರೆಯಾಗಿ ಬರೆದುಕೊಂಡು, ವ್ಯಭಿಚಾರಸ್ಥಳವನ್ನು ಹುಡುಕುವುದು ಉತ್ತಮ ಅಭ್ಯಾಸ. ಓಲೆಯಲ್ಲಿಲ್ಲದ ಪಾಠವನ್ನು ಮೂಲದಲ್ಲಿ ಸೇರಿಸದಿರುವುದು ಸಂಪಾದಕನ ಧರ್ಮವಾದಂತೆ, ವಾದದಲ್ಲಿಲ್ಲದುದನ್ನು ವಾದಿಯ ಮೇಲೆ ಹೊರಿಸದಿರುವುದು ಓದುಗನ ಧರ್ಮ.