ಮೊಬೈಲ್ ಟೆಲಿಫೋನಿನಲ್ಲಿ ಖರ್ಚಿಲ್ಲದೆ ಸರಿಯಾದ ನಂಬರನ್ನು ತಿಳಿಯುವ ಕ್ರಮ

ವ್ಯವಸಾಯದಲ್ಲಿ ಕಾಲಕ್ಕೆ ಇರುವ ಬೆಲೆ ಮತ್ತಾವುದಕ್ಕೂ ಇಲ್ಲವೆಂಬುದನ್ನು ರೈತರೆಲ್ಲರೂ ಬಲ್ಲರು. ಹದ ತಪ್ಪಿದ ಬಿತ್ತನೆ, ಹೊತ್ತು ಮೀರಿ ಹೊಡೆದ ಔಷಧ, ತಡವಾಗಿ ಬಂದ ಪಶುವೈದ್ಯ, ಈ ಮೂರರಿಂದಲೂ ನಷ್ಟವೇ ಹೊರತು ಲಾಭವಿಲ್ಲ. ಹಿಂದೆ ಇಂಥ ಸಂದರ್ಭಗಳಲ್ಲಿ ಹೋಬಳಿಯ ಊರಿಗೆ ಆಳನ್ನು ಅಟ್ಟಬೇಕಾಗಿತ್ತು. ಆಳು ಹೋಗಿ ಬರುವುದರೊಳಗೆ ಒಂದು ಹಗಲು ಕಳೆಯುತ್ತಿತ್ತು. ಈಗಲಾದರೋ ಬಹುಮಟ್ಟಿಗೆ ಎಲ್ಲ ಮನೆಗಳಲ್ಲಿಯೂ ಮೊಬೈಲ್ ಟೆಲಿಫೋನು ಇದೆ. ಆದರೆ ಯಂತ್ರವು ಕೈಯಲ್ಲಿದ್ದ ಮಾತ್ರದಿಂದ ಕಾರ್ಯವಾಗುವುದಿಲ್ಲ. ಯಾವ ಕೆಲಸಕ್ಕೆ ಯಾವ ನಂಬರು ಎಂಬುದು ತಿಳಿದಿರಬೇಕು. ತಿಳಿಯದಿದ್ದಲ್ಲಿ ಅದನ್ನು ಖರ್ಚಿಲ್ಲದೆಯೂ ಮೋಸಕ್ಕೆ ಒಳಗಾಗದೆಯೂ ಕೇಳಿ ತಿಳಿಯುವ ದಾರಿ ಗೊತ್ತಿರಬೇಕು. ಈ ದಾರಿಗಳಾವುವು, ಅವುಗಳಲ್ಲಿ ನಂಬತಕ್ಕವು ಯಾವುವು, ಗ್ರಾಮದ ಮುಖ್ಯಸ್ಥರು ಈ ವಿಷಯದಲ್ಲಿ ಮಾಡಬಹುದಾದದ್ದೇನು ಎಂಬುದನ್ನು ಇಲ್ಲಿ ವಿವರಿಸಿದೆ.

ನಂಬರಿನ ಪುಸ್ತಕವು ಇಲ್ಲದಿರುವುದು

ಹಿಂದೂದೇಶದಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ಪಟ್ಟಣಗಳಲ್ಲಿ ಟೆಲಿಫೋನ್ ಕೇಂದ್ರಗಳು ತೆರೆದದ್ದು 1882ರಲ್ಲಿ. ತಂತಿಯ ಟೆಲಿಫೋನಿನ ಕಾಲದಲ್ಲಿ ಚಂದಾದಾರರ ಹೆಸರು, ವಿಳಾಸ, ನಂಬರುಗಳನ್ನು ಅಕಾರಾದಿಯಾಗಿ ಅಚ್ಚುಮಾಡಿದ ದಪ್ಪ ಪುಸ್ತಕವನ್ನು ಚಂದಾದಾರರಿಗೆ ಕೊಡುತ್ತಿದ್ದರು. ಪುಸ್ತಕವಿಲ್ಲದವರು 197 ಎಂಬ ನಂಬರಿಗೆ ಕರೆಮಾಡಿ, ಬೇಕಾದವರ ಹೆಸರು ಹೇಳಿ, ಅವರ ನಂಬರನ್ನು ಕೇಳಿಕೊಳ್ಳಬಹುದಾಗಿತ್ತು.

ಮೊಬೈಲ್ ಟೆಲಿಫೋನು ನಮ್ಮ ದೇಶದಲ್ಲಿ ಮೊದಲಾದದ್ದು 1995ನೆಯ ಇಸವಿ ಜುಲೈ 31ರಂದು. ಆರಂಭದ ವರ್ಷಗಳಲ್ಲಿ ಬಂದ ಕರೆಗೂ ಹಣ ತೆರಬೇಕಾಗಿದ್ದಿತು. 2003ರಲ್ಲಿ ಆ ಭಾರವು ತಪ್ಪಿತು. ಬಳಿಕ ಮೊಬೈಲು ಹಳ್ಳಿಹಳ್ಳಿಗೂ ಹಬ್ಬಿತು. ಆದರೆ ಹಳೆಯ ಪುಸ್ತಕಕ್ಕೆ ಸಮನಾದ ಪುಸ್ತಕವು ಮೊಬೈಲಿಗೆ ಹುಟ್ಟಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2005ರಲ್ಲಿಯೇ ಇದರ ಬಗ್ಗೆ ಶಿಫಾರಸು ಮಾಡಿದ್ದರೂ, ಮೊಬೈಲ್ ಚಂದಾದಾರರ ಸಾರ್ವಜನಿಕ ಪಟ್ಟಿಯು ಪ್ರಕಟವಾಗಿಲ್ಲ. ಖಾಸಗಿಯವರ ನಂಬರು ಕಂಡಕಂಡವರ ಕೈಗೆ ಸಿಕ್ಕಬಾರದೆಂಬ ದೃಷ್ಟಿಯಿಂದ ಇದು ಒಳ್ಳೆಯದೇ ಸರಿ. ಆದರೆ ಕಚೇರಿ, ಬ್ಯಾಂಕು, ಅಂಗಡಿ, ಕಾರ್ಖಾನೆಗಳ ನಂಬರುಗಳನ್ನು ಸಹ ಒಂದೇ ಕಡೆ ನಂಬಿಕೆಯಿಂದ ನೋಡಿಕೊಳ್ಳಲು ಸಾಧ್ಯವಿಲ್ಲದಂತಾಗಿದೆ. ಈ ಕೊರತೆಯ ಸಂದಿನಲ್ಲಿಯೇ ವಂಚಕರು ನುಸುಳಿಕೊಂಡಿದ್ದಾರೆ.

ಖರ್ಚಿಲ್ಲದ ನಂಬರುಗಳ ಗುರುತು

1800 ಎಂದು ಆರಂಭವಾಗುವ ನಂಬರಿಗೆ ಕರೆಮಾಡಿದವನು ಹಣ ತೆರಬೇಕಾಗಿಲ್ಲ. ಕರೆಯನ್ನು ಸ್ವೀಕರಿಸುವ ಸಂಸ್ಥೆಯೇ ಅದರ ವೆಚ್ಚವನ್ನು ಹೊರುತ್ತದೆ. 1860 ಎಂದು ಆರಂಭವಾಗುವ ನಂಬರು ನೋಡುವುದಕ್ಕೆ ಇದರಂತೆಯೇ ಇದ್ದರೂ ಪುಕ್ಕಟೆಯಲ್ಲ. ಕರೆಮಾಡಿದವನೇ ದರವನ್ನು ಕೊಡಬೇಕು. ಇವೆರಡನ್ನೂ ಬೆರೆಸಿಕೊಳ್ಳಬಾರದು. ಇವಲ್ಲದೆ ಸರ್ಕಾರವು ಸಾರ್ವಜನಿಕರ ಅನುಕೂಲಕ್ಕೆಂದು ಮೂರು, ನಾಲ್ಕು ಅಥವಾ ಐದು ಅಂಕಿಗಳ ಸಣ್ಣ ನಂಬರುಗಳನ್ನು ಏರ್ಪಡಿಸಿದೆ. ಇವುಗಳನ್ನು ಓದುಬರಹ ಬಾರದವರೂ ನೆನಪಿನಲ್ಲಿಡಬಹುದು, ಗುಂಡಿಗಳುಳ್ಳ ಸಾಧಾರಣ ಫೋನಿನಿಂದಲೂ ಒತ್ತಬಹುದು, ಇಂಟರ್‌ನೆಟ್ ಬೇಕಾಗಿಲ್ಲ.

ರೈತನಿಗೆ ಮುಖ್ಯವಾದ ನಂಬರು

ಬೇಸಾಯಗಾರರಿಗೆ ಇವೆಲ್ಲದರಲ್ಲಿ ಮುಖ್ಯವಾದುದು ಕಿಸಾನ್ ಕಾಲ್ ಸೆಂಟರಿನ 1800 180 1551 ಎಂಬ ನಂಬರು. ಇದನ್ನು ಕೇಂದ್ರ ಸರ್ಕಾರವು 2004ನೆಯ ಇಸವಿ ಜನವರಿ 21ರಂದು ಆರಂಭಿಸಿತು. ವಾರದ ಏಳು ದಿನವೂ, ಬೆಳಗ್ಗೆ 6 ಗಂಟೆಯಿಂದ ರಾತ್ರಿ 10 ಗಂಟೆಯವರೆಗೆ, ಇಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಕರೆಯನ್ನು ಮೊದಲು ಸ್ವೀಕರಿಸುವವರು ವ್ಯವಸಾಯಶಾಸ್ತ್ರವನ್ನು ಓದಿದ ಸಲಹೆಗಾರರು. ಪ್ರಶ್ನೆಯು ಅವರಿಂದ ಬಗೆಹರಿಯದಿದ್ದರೆ ಅದನ್ನು ಇಲಾಖೆಯ ಅಥವಾ ವಿಶ್ವವಿದ್ಯಾನಿಲಯದ ತಜ್ಞರಿಗೆ ಒಪ್ಪಿಸುವ ಏರ್ಪಾಡುಂಟು. ಬೆಳೆ, ಗೊಬ್ಬರ, ಕೀಟ, ರೋಗ, ತೋಟಗಾರಿಕೆ, ಪಶುಪಾಲನೆ ಇವುಗಳಲ್ಲದೆ ಸರ್ಕಾರದ ಯೋಜನೆಗಳ ವಿಷಯವನ್ನೂ ಕೇಳಬಹುದು.

ಇದರ ಪ್ರಯೋಜನಕ್ಕೆ ಒಂದು ಉದಾಹರಣೆ ಸಾಕು. ಮುಸುಕಿನ ಜೋಳವನ್ನು ತಿನ್ನುವ ಫಾಲ್ ಸೈನಿಕ ಹುಳುವು ಹಿಂದೂದೇಶದಲ್ಲಿ ಮೊದಲು ಕಂಡುಬಂದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಕರ್ನಾಟಕದಲ್ಲಿಯೇ. ಮರಿಹುಳುಗಳು ಚಿಕ್ಕವಾಗಿ ಎಲೆಯ ಮೇಲೆ ಇರುವಾಗ ಔಷಧವು ತಗಲುತ್ತದೆ. ಬಲಿತು ಸುಳಿಯೊಳಗೆ ಇಳಿದು ತಮ್ಮ ಹಿಕ್ಕೆಯಿಂದಲೇ ಬಾಯಿ ಮುಚ್ಚಿಕೊಂಡ ಮೇಲೆ ಎಷ್ಟು ಹೊಡೆದರೂ ಅದು ಒಳಕ್ಕೆ ಮುಟ್ಟುವುದು ಕಷ್ಟ. ಹೊಸದಾಗಿ ಬಂದ ಇಂಥ ಕೀಟದ ಗುರುತು ಊರಿನ ಹಿರಿಯರಿಗೂ ಇರುವುದಿಲ್ಲ. ಎಲೆಯಲ್ಲಿ ಬಿಳಿಯ ಕಿಟಕಿಗಳಂಥ ಮಚ್ಚೆಗಳನ್ನು ಕಂಡ ದಿನವೇ ಕರೆಮಾಡಿ ಕೇಳಿದವನ ಬೆಳೆ ಉಳಿಯುವುದು. ಸಂತೆಯ ದಿನದವರೆಗೆ ಕಾಯ್ದವನ ಬೆಳೆ ಹುಳುವಿನ ಪಾಲಾಗುವುದು.

ಕರೆಮಾಡುವ ಮೊದಲು ಬೆಳೆಯ ಹೆಸರು ಮತ್ತು ತಳಿ, ಬಿತ್ತಿದ ದಿನ, ಎಕರೆ, ನೀರಾವರಿಯೋ ಖುಷ್ಕಿಯೋ ಎಂಬುದು, ಈವರೆಗೆ ಹಾಕಿದ ಗೊಬ್ಬರ ಮತ್ತು ಔಷಧ, ರೋಗದ ಚಿಹ್ನೆ ಮೊದಲು ಎಲೆಯಲ್ಲೋ ಕಾಂಡದಲ್ಲೋ ಬೇರಿನಲ್ಲೋ ಎಂಬುದು, ಇಷ್ಟನ್ನು ಸಿದ್ಧಮಾಡಿಕೊಂಡಿರಬೇಕು. ಸಾಧ್ಯವಾದರೆ ಹೊಲದಲ್ಲಿ ನಿಂತೇ ಮಾತನಾಡುವುದು ಉತ್ತಮ. ಹೇಳಿದ ಔಷಧದ ಹೆಸರನ್ನೂ, ಒಂದು ಲೀಟರು ನೀರಿಗೆ ಎಷ್ಟು ಎಂಬ ಪ್ರಮಾಣವನ್ನೂ ಬರೆದುಕೊಂಡು, ಮತ್ತೊಮ್ಮೆ ಓದಿ ಹೇಳಿ ಖಚಿತಪಡಿಸಿಕೊಳ್ಳತಕ್ಕದ್ದು. ಬೆಳೆಯನ್ನು ಕಣ್ಣಾರೆ ನೋಡಿಯೇ ಹೇಳಬೇಕಾದ ವಿಷಯಗಳಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನೂ ಆಶ್ರಯಿಸಬೇಕು.

ಗ್ರಾಮಕ್ಕೆ ಬೇಕಾದ ಇತರ ನಂಬರುಗಳು

ದನಕರುಗಳ ಕಾಯಿಲೆಗೆ 1962. ಹಸುವಿನ ಹೊಟ್ಟೆ ಉಬ್ಬರಿಸಿದಾಗಲೂ, ಕರು ಹಾಕಲು ತಿಣುಕುತ್ತಿರುವಾಗಲೂ ಈ ನಂಬರಿನ ಮೂಲಕ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವನ್ನು ಕೇಳಬಹುದು.

ಬೆಳೆ ವಿಮೆಗೆ 14447. ಆಲಿಕಲ್ಲು, ಭೂಕುಸಿತ, ಜಮೀನಿನಲ್ಲಿ ನೀರು ನಿಲ್ಲುವುದು ಮುಂತಾದ ಸ್ಥಳೀಯ ವಿಪತ್ತಿನಿಂದ ವಿಮೆಯ ಬೆಳೆ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬುದು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮ. ನಂಬರು ಹುಡುಕುವುದರಲ್ಲಿಯೇ ಮೂರು ದಿನ ಕಳೆದರೆ ಕಂತು ಕಟ್ಟಿದ ಹಣವೂ ಹೋಯಿತು, ಪರಿಹಾರವೂ ಹೋಯಿತು.

ಪಿ.ಎಂ. ಕಿಸಾನ್ ಹಣದ ವಿಚಾರಣೆಗೆ 155261. ವಿದ್ಯುತ್ತಿನ ದೂರಿಗೆ 1912. ತಂತಿ ಹರಿದು ಹೊಲದಲ್ಲಿ ಬಿದ್ದಿರುವುದನ್ನು ಕಂಡವರು ಯಾರನ್ನೂ ಹತ್ತಿರ ಸೇರಿಸದೆ ಒಡನೆಯೇ ಇದಕ್ಕೆ ತಿಳಿಸಬೇಕು. ರೋಗಿಗಳ ವಾಹನಕ್ಕೆ 108. ಪೊಲೀಸು, ಬೆಂಕಿ ಮೊದಲಾದ ಸಕಲ ತುರ್ತು ಸಂದರ್ಭಗಳಿಗೆ 112. ಹಣದ ವಂಚನೆಗೆ 1930. ಇದರ ವಿಷಯವನ್ನು ಮುಂದೆ ಹೇಳಿದೆ.

ಅಂಗಡಿ ಮತ್ತು ಕಾರ್ಖಾನೆಗಳ ನಂಬರು

ಪಂಪು ರಿಪೇರಿಯವರು, ಟ್ರಾಕ್ಟರಿನ ಬಿಡಿಭಾಗ ಮಾರುವವರು, ಶೀತಲಗೃಹದವರು, ಲಾರಿಯವರು ಮುಂತಾದವರ ನಂಬರುಗಳನ್ನು ತಿಳಿಸುವ ಖಾಸಗಿ ವ್ಯವಸ್ಥೆಗಳೂ ಉಂಟು. ಇವುಗಳಲ್ಲಿ 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಜಸ್ಟ್ ಡಯಲ್ ಹೆಸರಾದುದು. ಅದರ ನಂಬರು ಹತ್ತು ಎಂಟುಗಳು, ಎಂದರೆ 88888 88888. ಊರನ್ನೂ ಬೇಕಾದ ಸರಕನ್ನೂ ಹೇಳಿದರೆ ಅಂಗಡಿಗಳ ನಂಬರುಗಳನ್ನು ತಿಳಿಸುತ್ತಾರೆ. ತಿಳಿಸಿದ್ದಕ್ಕೆ ಕೇಳಿದವನಿಂದ ಹಣ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಅವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಯೋಚಿಸಬೇಕು. ತಮ್ಮ ಹೆಸರು ಮುಂದೆ ಬರಲೆಂದು ವರ್ತಕರು ಹಣ ಕೊಡುತ್ತಾರೆ. ಕೇಳಿದವನ ನಂಬರು ವರ್ತಕರಿಗೂ ಹೋಗುತ್ತದೆ. ಆದಕಾರಣ ಒಮ್ಮೆ ವಿಚಾರಿಸಿದ ಮೇಲೆ ಹಲವು ಅಂಗಡಿಯವರು ತಾವಾಗಿಯೇ ಕರೆಮಾಡಿದರೆ ಆಶ್ಚರ್ಯಪಡಬೇಕಾಗಿಲ್ಲ. ಪಟ್ಟಿಯಲ್ಲಿ ಮೊದಲನೆಯ ಹೆಸರು ಎಂದ ಮಾತ್ರಕ್ಕೆ ಅವನೇ ಊರಿಗೆಲ್ಲ ಉತ್ತಮನಾದ ವರ್ತಕನೆಂದು ತಿಳಿಯಲೂಬಾರದು; ಎರಡು ಮೂರು ಕಡೆ ದರ ವಿಚಾರಿಸಿ ನಿರ್ಧರಿಸಬೇಕು.

ಸುಳ್ಳು ನಂಬರಿನ ಅಪಾಯ

ಇಂಟರ್‌ನೆಟ್ಟಿನಲ್ಲಿ ಹುಡುಕುವುದೂ ಪುಕ್ಕಟೆಯೇ. ಆದರೆ ಅಲ್ಲಿ ಯಾರು ಬೇಕಾದರೂ ಯಾವ ಹೆಸರಿನ ಮುಂದೆ ಬೇಕಾದರೂ ನಂಬರನ್ನು ಬರೆದು ಬಿಡಬಹುದು. ಬ್ಯಾಂಕಿನ ಹೆಸರಿನಲ್ಲಿ, ಸಾಲದ ಸಂಸ್ಥೆಯ ಹೆಸರಿನಲ್ಲಿ, ಪಂಪು ತಯಾರಿಸುವವರ ಹೆಸರಿನಲ್ಲಿ ‘ಗ್ರಾಹಕ ಸೇವೆ’ ಎಂದು ವಂಚಕರು ತಮ್ಮ ನಂಬರನ್ನು ಹಾಕಿರುತ್ತಾರೆ. ರೈತನು ತಾನಾಗಿಯೇ ಕರೆಮಾಡಿರುವುದರಿಂದ ಅವನಿಗೆ ಅನುಮಾನವೇ ಹುಟ್ಟುವುದಿಲ್ಲ. ಆ ಕಡೆಯವನು ಬಹು ಮರ್ಯಾದೆಯಿಂದ ಮಾತನಾಡಿ, ದೂರನ್ನು ನೋಂದಾಯಿಸಲು ಹತ್ತು ರೂಪಾಯಿ ಕಳುಹಿಸೆನ್ನುತ್ತಾನೆ. ಅಥವಾ ಒಂದು ಆ್ಯಪನ್ನು ಹಾಕಿಕೊಳ್ಳೆನ್ನುತ್ತಾನೆ. ಆ ಆ್ಯಪು ರೈತನ ಫೋನಿನ ಪರದೆಯನ್ನು ದೂರದಲ್ಲಿರುವ ವಂಚಕನಿಗೆ ತೋರಿಸುತ್ತದೆ. ಒತ್ತಿದ ಗುಟ್ಟಿನ ಅಂಕಿಗಳು ಅವನಿಗೆ ತಿಳಿಯುತ್ತವೆ. ಬೆಳೆ ಮಾರಿ ಬ್ಯಾಂಕಿನಲ್ಲಿಟ್ಟ ಹಣವು ಗಳಿಗೆಯೊಳಗೆ ಖಾಲಿಯಾಗುತ್ತದೆ.

ಈ ಕೆಳಗಿನ ಮಾತುಗಳಲ್ಲಿ ಯಾವುದೊಂದು ಕೇಳಿಬಂದರೂ ಕರೆಯನ್ನು ಆ ಕ್ಷಣವೇ ಕಡಿಯತಕ್ಕದ್ದು:

1. ಫೋನಿಗೆ ಬಂದ ಓ.ಟಿ.ಪಿ. ಅಂಕಿಗಳನ್ನು ಹೇಳೆಂಬುದು.
2. ಹಣ ಬರುವುದಕ್ಕಾಗಿ ಯು.ಪಿ.ಐ. ಪಿನ್ ಒತ್ತೆಂಬುದು. ಆ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಎಂದಿಗೂ ಬೇಡ.
3. ಹೊಸ ಆ್ಯಪನ್ನು ಹಾಕಿಕೊಳ್ಳೆಂಬುದು, ಅಥವಾ ಕಳುಹಿಸಿದ ಕೊಂಡಿಯನ್ನು ಒತ್ತೆಂಬುದು.
4. ಮನೆಯವರಿಗೂ ಬ್ಯಾಂಕಿನವರಿಗೂ ತಿಳಿಸಬೇಡವೆಂಬುದು.

ನಂಬತಕ್ಕ ನಂಬರು ದೊರೆಯುವ ಸ್ಥಳಗಳು

ನಿಜವಾದ ನಂಬರು ಬಹುಸಾರಿ ಮನೆಯಲ್ಲಿಯೇ ಇರುತ್ತದೆ. ಬ್ಯಾಂಕಿನ ನಂಬರು ಎ.ಟಿ.ಎಂ. ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ಪಂಪು, ಸ್ಪ್ರೇಯರು ಮುಂತಾದ ಯಂತ್ರಗಳ ನಂಬರು ಅವುಗಳ ಖಾತರಿ ಚೀಟಿಯಲ್ಲಿರುತ್ತದೆ. ಪೊಟ್ಟಣಕಟ್ಟಿ ಮಾರುವ ಸರಕುಗಳ ಮೇಲೆ, ದೂರಿದ್ದಲ್ಲಿ ಗ್ರಾಹಕರು ಯಾರನ್ನು ಕೇಳಬೇಕೆಂಬ ಹೆಸರು, ವಿಳಾಸ, ಟೆಲಿಫೋನ್ ನಂಬರುಗಳನ್ನು ಮುದ್ರಿಸಬೇಕೆಂದು 2011ರ ತೂಕ ಮತ್ತು ಅಳತೆಯ ನಿಯಮಗಳು ವಿಧಿಸಿವೆ. ಆದುದರಿಂದ ಚೀಲ, ಡಬ್ಬ, ಚೀಟಿ, ರಶೀದಿಗಳನ್ನು ಫಸಲು ಮನೆಗೆ ಬರುವವರೆಗೂ ಎಸೆಯದೆ ಇಟ್ಟುಕೊಳ್ಳಬೇಕು. ಔಷಧದ ಡಬ್ಬವನ್ನು ಮಾತ್ರ ಮಕ್ಕಳಿಗೂ ದನಗಳಿಗೂ ಎಟುಕದಂತೆ ಇಡಬೇಕು. ಸರ್ಕಾರದ ಕಚೇರಿಯ ನಂಬರನ್ನು ಇಂಟರ್‌ನೆಟ್ಟಿನಲ್ಲಿ ನೋಡಲೇಬೇಕಾದರೆ, ವಿಳಾಸದ ಹೆಸರು ಗವ್ ಡಾಟ್ ಇನ್ ಅಥವಾ ನಿಕ್ ಡಾಟ್ ಇನ್ ಎಂದು ಮುಗಿಯುವುದೇ ಎಂಬುದನ್ನು ಓದುಬಲ್ಲ ಹುಡುಗರಿಂದ ನೋಡಿಸಬೇಕು.

ವಂಚನೆಯಾದಾಗ ಮಾಡತಕ್ಕದ್ದು

ಹಣ ಹೋಯಿತೆಂದು ತಿಳಿದ ಕೂಡಲೆ 1930ಕ್ಕೆ ಕರೆಮಾಡಬೇಕು. ಕದ್ದ ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಸಾಗುತ್ತಿರುವಾಗಲೇ ಅದನ್ನು ಬ್ಯಾಂಕುಗಳ ಮೂಲಕ ತಡೆಯುವುದು ಈ ಏರ್ಪಾಡಿನ ಉದ್ದೇಶ. ವಂಚಕನು ಅದನ್ನು ನಗದಾಗಿ ತೆಗೆದುಕೊಂಡ ಮೇಲೆ ಹಿಂದಕ್ಕೆ ಪಡೆಯುವುದು ದುಸ್ತರ. ಜೊತೆಯಲ್ಲಿಯೇ ಬ್ಯಾಂಕಿಗೂ ತಿಳಿಸಿ ರಶೀದಿ ಪಡೆಯಬೇಕು. ಖಾತೆದಾರನು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿ ಸುತ್ತೋಲೆ ಹೊರಡಿಸಿತು. ತಡಮಾಡಿದಷ್ಟೂ ಖಾತೆದಾರನಿಗೇ ಹಾನಿಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೋಸಹೋದವರು ನಾಚಿಕೆಯಿಂದ ಮುಚ್ಚಿಡುವುದುಂಟು. ಓದಿದವರೂ ಅಧಿಕಾರದಲ್ಲಿದ್ದವರೂ ಈ ಬಲೆಗೆ ಬಿದ್ದಿದ್ದಾರೆ. ನಾಚಿಕೆಪಡಬೇಕಾದವನು ಮೋಸಮಾಡಿದವನೇ ಹೊರತು ಮೋಸಹೋದವನಲ್ಲ.

ಗ್ರಾಮಮುಖ್ಯಸ್ಥರು ಮಾಡಬಹುದಾದ ಕೆಲಸ

ಈ ವಿಷಯದಲ್ಲಿ ಊರಿನ ಯಜಮಾನರೂ ದೊಡ್ಡ ಹಿಡುವಳಿದಾರರೂ ಮನಸ್ಸುಮಾಡಿದರೆ ಸ್ವಲ್ಪ ಖರ್ಚಿನಲ್ಲಿಯೇ ಬಹಳ ಉಪಕಾರವಾಗುವುದು. ಪಂಚಾಯತಿ ಕಟ್ಟಡ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಈ ಮೂರು ಸ್ಥಳಗಳ ಗೋಡೆಯ ಮೇಲೆ ಮೇಲೆ ಹೇಳಿದ ನಂಬರುಗಳನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸತಕ್ಕದ್ದು. ಅವುಗಳ ಕೆಳಗೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಪಶುವೈದ್ಯ ಆಸ್ಪತ್ರೆ, ಸಹಕಾರ ಸಂಘ, ಬ್ಯಾಂಕಿನ ಶಾಖೆ ಇವುಗಳ ನಂಬರುಗಳನ್ನು ಆಯಾ ಕಚೇರಿಗೆ ಖುದ್ದಾಗಿ ಹೋಗಿ ಕೇಳಿಕೊಂಡು ಬಂದು ಸೇರಿಸಬೇಕು. ಅವರಿವರು ಹೇಳಿದ್ದನ್ನು ಬರೆಸಬಾರದು. ಅಧಿಕಾರಿಗಳು ವರ್ಗವಾಗುವುದರಿಂದಲೂ ನಂಬರುಗಳು ಬದಲಾಗುವುದರಿಂದಲೂ ವರ್ಷಕ್ಕೆರಡು ಬಾರಿ, ಮುಂಗಾರಿನ ಮುಂಚೆ ಒಮ್ಮೆ, ಹಿಂಗಾರಿನ ಮುಂಚೆ ಒಮ್ಮೆ, ಗೋಡೆಯ ಬರಹವನ್ನು ಪರೀಕ್ಷಿಸಿ ತಿದ್ದಿಸಬೇಕು. 108, 112ರಂಥ ತುರ್ತು ನಂಬರುಗಳಿಗೆ ಪರೀಕ್ಷೆಗೆಂದು ಕರೆಮಾಡಿ ಅವರ ಸಮಯವನ್ನು ಕಳೆಯಬಾರದು.

ಶಾಲೆಯ ದೊಡ್ಡ ಮಕ್ಕಳಿಂದ ವೃದ್ಧರ ಮತ್ತು ಹೆಂಗಸರ ಫೋನುಗಳಲ್ಲಿ ಈ ನಂಬರುಗಳನ್ನು ‘ದನದ ಡಾಕ್ಟರು’, ‘ಬೆಳೆ ಸಲಹೆ’, ‘ಕರೆಂಟು’ ಎಂದು ತಿಳಿಯುವಂಥ ಹೆಸರಿನಲ್ಲಿ ಸೇರಿಸಿಕೊಡಿಸಬಹುದು. ಹೊಲದ ಕೆಲಸವೆಲ್ಲ ಹೆಂಗಸರ ಮೇಲೆಯೇ ಬಿದ್ದಿರುವ ಮನೆಗಳಲ್ಲಿ ಇದು ಮತ್ತಷ್ಟು ಅವಶ್ಯಕ. ಮುಂದಿನ ಗ್ರಾಮಸಭೆಯಲ್ಲಿ ಒಂದು ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಟ್ಟು, ಎಲ್ಲರೆದುರಿಗೆ ಕಿಸಾನ್ ಕಾಲ್ ಸೆಂಟರಿಗೆ ಕರೆಮಾಡಿ, ಊರಿನ ಬೆಳೆಯ ವಿಷಯದಲ್ಲಿ ಒಂದು ಪ್ರಶ್ನೆಯನ್ನು ಕೇಳಿ ತೋರಿಸಿದರೆ, ರೈತರಿಗೆ ಧೈರ್ಯ ಬಂದು ತಾವೇ ಕೇಳಲು ಮುಂದಾಗುವರು.