ಹಳೆಯ ಗುರಿ ಪಿಸ್ತೂಲು: ಮೊದಲು ಪರವಾನಗಿ, ಆಮೇಲೆ ಆಯುಧ

ಬೆಂಗಳೂರು: ವಿದೇಶದಲ್ಲಿ ಹಲವು ವರ್ಷ ದುಡಿದು ವೈಟ್‌ಫೀಲ್ಡ್‌ಗೆ ಮರಳುವ ತಂತ್ರಜ್ಞನಿಗೆ ಅಲ್ಲಿನ ಕ್ಲಬ್ಬಿನಲ್ಲಿ ಬಳಸಿದ ಪಿಸ್ತೂಲನ್ನು ಬಿಟ್ಟು ಬರಲು ಮನಸ್ಸಾಗದು. ಪೀಣ್ಯದ ಸಣ್ಣ ಕೈಗಾರಿಕೋದ್ಯಮಿಗೆ ತಂದೆಯ ನಿಧನಾನಂತರ ಬೀರುವಿನಲ್ಲಿ ಅಂಥದೇ ಒಂದು ದೊರೆಯುತ್ತದೆ. ಇಬ್ಬರೂ ಕೇಳುವ ಪ್ರಶ್ನೆ ಒಂದೇ: ಇದನ್ನು ಇಟ್ಟುಕೊಳ್ಳಬಹುದೇ? ಇಟ್ಟುಕೊಳ್ಳಬಹುದು. ಆದರೆ ಕ್ರಮ ತಪ್ಪಿದರೆ ಹವ್ಯಾಸವೇ ಅಪರಾಧವಾದೀತು.

ಸಂಗ್ರಾಹಕರು ಬಯಸುವ ಗುರಿ ಪಿಸ್ತೂಲುಗಳಲ್ಲಿ ಜರ್ಮನಿಯ ವಾಲ್ಥರ್ ಜಿಎಸ್‌ಪಿ, ಸ್ವಿಟ್ಜರ್ಲೆಂಡ್‌ನ ಹ್ಯಾಮರ್ಲಿ 208 ಪ್ರಮುಖವಾದವು. ಎರಡೂ 1960ರ ದಶಕದ ವಿನ್ಯಾಸಗಳು. ಹಾರಿಸುವುದು ಪಾಯಿಂಟ್ 22 ಗುಂಡು. ಕುದುರೆ ಒತ್ತಿದಷ್ಟು ಸಲ ಒಂದೊಂದೇ ಗುಂಡು ಹಾರಿ ಮುಂದಿನದು ತಾನಾಗಿ ತುಂಬಿಕೊಳ್ಳುವುದರಿಂದ ಇವು ಅರೆ ಸ್ವಯಂಚಾಲಿತ. ಕುದುರೆ ಹಿಡಿದಿರುವಷ್ಟು ಹೊತ್ತೂ ಗುಂಡು ಸುರಿಸುವ ಆಯುಧವನ್ನು ಮಾತ್ರ ಕಾನೂನು ನಿಷೇಧಿತ ಸ್ವಯಂಚಾಲಿತ ಎನ್ನುತ್ತದೆ. ಪಾಯಿಂಟ್ 22 ನಿಷೇಧಿತ ಬೋರ್ ಅಲ್ಲ. ಪೊಲೀಸರು, ಸೈನಿಕರು ಬಳಸುವ 9 ಮಿ.ಮೀ. ಮಾತ್ರ ನಿಷೇಧಿತವಾಗಿದ್ದು, ಅದನ್ನು ಹವ್ಯಾಸಿಯು ಮರೆಯುವುದೇ ಲೇಸು.

ಇಷ್ಟಾದರೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನಂತೆ ಪರವಾನಗಿ ಕಡ್ಡಾಯ. ಪರವಾನಗಿ ಇಲ್ಲದೆ ಹೊಂದಿದ್ದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 2ರಿಂದ ಗರಿಷ್ಠ 5 ವರ್ಷಗಳ ಸೆರೆವಾಸವಿದೆ. ಅದೇ ತಿದ್ದುಪಡಿ ಸಾಮಾನ್ಯ ನಾಗರಿಕನ ಆಯುಧಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು; ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು.

ಅರ್ಜಿ ಯಾರಿಗೆ ಎಂಬಲ್ಲೇ ಹೊರವಲಯದವರು ಎಡವುವುದುಂಟು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೂರೂ ನಗರ ಪೊಲೀಸ್ ಕಮಿಷನರ್ ವ್ಯಾಪ್ತಿಯಲ್ಲಿವೆ. ಅಲ್ಲಿಂದ ಕೆಲವೇ ಕಿ.ಮೀ. ಮುಂದೆ ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ಮನೆಯಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಬಾಗಿಲು ತಟ್ಟಬೇಕು. ಕಚೇರಿ ಎಲ್ಲಿದೆ ಎಂಬುದಲ್ಲ, ವಾಸ ಎಲ್ಲಿ ಎಂಬುದು ಮುಖ್ಯ. 2016ರ ನಿಯಮಗಳಂತೆ ಅರ್ಜಿಯೊಂದಿಗೆ ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತ ಬಳಕೆಯ ತರಬೇತಿ ಪತ್ರ ಬೇಕು. ಪೊಲೀಸ್ ಠಾಣೆ 30 ದಿನದೊಳಗೆ ವರದಿ ನೀಡಬೇಕೆಂಬುದು ನಿಯಮ. ನಿರಾಕರಣೆಯಾದರೆ ಮೇಲ್ಮನವಿಗೆ ಅವಕಾಶವಿದೆ.

ವಿದೇಶದಿಂದ ತರುವವರ ವಿಷಯ ಹೆಚ್ಚು ಸೂಕ್ಷ್ಮ. ಬಂದೂಕನ್ನು ಸಾಮಾನಿನೊಡನೆ ತರುವುದಕ್ಕೆ ಸಾಮಾನ್ಯವಾಗಿ ಅನುಮತಿಯಿಲ್ಲ. ವಾಸಸ್ಥಾನ ಬದಲಿಸಿ ಶಾಶ್ವತವಾಗಿ ಮರಳುವವರಿಗೆ ಮಾತ್ರ, ಅನುಮತಿಸಿದ ಬೋರಿನ ಒಂದೇ ಒಂದು ಆಯುಧಕ್ಕೆ ಕಸ್ಟಮ್ಸ್ ವಿನಾಯಿತಿ ನೀಡುತ್ತ ಬಂದಿದೆ. ಕನಿಷ್ಠ ಒಂದು ವರ್ಷ ಅದು ವಿದೇಶದಲ್ಲಿ ಅವರ ಸ್ವಾಧೀನದಲ್ಲಿದ್ದು ಬಳಕೆಯಲ್ಲಿರಬೇಕು; ಸುಂಕ ಕಟ್ಟಬೇಕು; ಇಲ್ಲಿನ ಪರವಾನಗಿ ಇರಬೇಕು. ಅಷ್ಟೇ ಅಲ್ಲ, ಜೀವಮಾನವಿಡೀ ಅದನ್ನು ಮಾರುವಂತಿಲ್ಲ, ಎರವಲು ಕೊಡುವಂತಿಲ್ಲ. ಅಂದರೆ, ಬೆಲೆ ಏರುವುದೆಂದು ನಂಬಿ ತರುವವನಿಗೆ ಇದು ಹೂಡಿಕೆಯಲ್ಲ. ಹೊಸದಾಗಿ ಆಮದು ಮಾಡಿಕೊಳ್ಳುವ ಅವಕಾಶ ಮುಖ್ಯವಾಗಿ ಸ್ಪರ್ಧಾ ಶೂಟರ್‌ಗಳಿಗಿದೆ. ಉಳಿದವರು ದೇಶದೊಳಗಿನ ಹಳೆಯ ದಾಸ್ತಾನನ್ನೇ ಕಾಯಬೇಕು. ಹೀಗಾಗಿಯೇ ಇಲ್ಲಿ ಹಳೆಯ ವಾಲ್ಥರ್‌ಗೆ ಹೊರದೇಶಕ್ಕಿಂತ ಹಲವು ಪಟ್ಟು ಬೆಲೆ. ಕೊಳ್ಳುವಾಗ ಮಾರುವವನ ಪರವಾನಗಿಯಲ್ಲಿರುವ ಕ್ರಮಸಂಖ್ಯೆಯನ್ನೂ ಪಿಸ್ತೂಲಿನ ಮೇಲೆ ಕೊರೆದದ್ದನ್ನೂ ತಾಳೆ ನೋಡದವರು ಮುಂದೆ ಪರಿತಪಿಸುತ್ತಾರೆ.

ಪೀಣ್ಯದ ಉದ್ಯಮಿಯ ದಾರಿ ಬೇರೆ. ತಂದೆಯ ಪರವಾನಗಿ ಅವರೊಂದಿಗೇ ಮುಗಿಯಿತು. ವಿಳಂಬಿಸದೆ ಪಿಸ್ತೂಲನ್ನು ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯಲ್ಲೋ ಠೇವಣಿಯಿಟ್ಟು ವಾರಸುದಾರನಾಗಿ ಸ್ವಂತ ಪರವಾನಗಿ ಕೇಳಬೇಕು. ‘ನೆನಪಿಗೆ ಇಟ್ಟುಕೊಂಡಿದ್ದೆ’ ಎಂಬ ಉತ್ತರ ನ್ಯಾಯಾಲಯದಲ್ಲಿ ನಿಲ್ಲದು.

2020ರ ಫೆಬ್ರವರಿಯ ಕೇಂದ್ರ ಅಧಿಸೂಚನೆಯೊಂದು ‘ಕ್ಯೂರಿಯೊ’ ವರ್ಗದ ಕಿರು ಶಸ್ತ್ರಗಳನ್ನು ಹೊಂದಲು ಪರವಾನಗಿ ಬೇಡ ಎಂದಿತು. ಇದನ್ನು ಹಿಡಿದು ಹಳೆಯದೆಲ್ಲವೂ ಮುಕ್ತ ಎಂದು ಹೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ಹಳೆಯದಾದ ಮಾತ್ರಕ್ಕೆ ಪಿಸ್ತೂಲು ಆ ವರ್ಗಕ್ಕೆ ಸೇರದು. ಸೇರಿದರೂ ಬಳಸಲು, ಒಯ್ಯಲು ಪರವಾನಗಿ ಬೇಕು. ಪರವಾನಗಿಯಲ್ಲಿ ನಮೂದಾಗದೆ ಗುಂಡು ಸಿಗದು.

ಕ್ರೀಡೆಯೇ ಗುರಿಯಾಗಿದ್ದರೆ ಇನ್ನೊಂದು ಹಾದಿಯಿದೆ. ಅದೇ ಅಧಿಸೂಚನೆ ಖ್ಯಾತ ಶೂಟರ್‌ಗಳಿಗೆ ಸ್ಪರ್ಧೆಗಳ ಸಂಖ್ಯೆಗೆ ಅನುಗುಣವಾಗಿ 8ರಿಂದ 12 ಆಯುಧಗಳವರೆಗೆ ವಿನಾಯಿತಿ ನೀಡಿ, ಪಾಯಿಂಟ್ 22 ಗುಂಡುಗಳ ಮಿತಿಯನ್ನು 1000ದಿಂದ 5000ಕ್ಕೆ ಏರಿಸಿತು. ಆ ಪಟ್ಟ ರಾಜ್ಯ ರೈಫಲ್ ಸಂಸ್ಥೆಯ ಸದಸ್ಯತ್ವದಿಂದಷ್ಟೇ ಬರುವುದಿಲ್ಲ; ಸ್ಪರ್ಧೆಯ ಅಂಕಗಳಿಂದ ಬರುತ್ತದೆ. ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀ. ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದವರು, 2016ರ ರಿಯೊ ಒಲಿಂಪಿಕ್ಸ್‌ಗೂ ಹೋದವರು. ಐಟಿ ಉದ್ಯೋಗದಲ್ಲಿದ್ದವರಿಗೆ ಈ ಹಾದಿ ಅಸಾಧ್ಯವಲ್ಲ.

ಆರಂಭಿಕರು 10 ಮೀ. ಏರ್ ಪಿಸ್ತೂಲಿನಿಂದ ತೊಡಗುವುದು ವಾಡಿಕೆ. ಪಾಯಿಂಟ್ 177 ಬೋರ್ ಮತ್ತು 20 ಜೂಲ್ ಶಕ್ತಿಯನ್ನು ಮೀರದ ಗಾಳಿ ಪಿಸ್ತೂಲಿಗೆ ಪರವಾನಗಿಯೂ ಬೇಡ.