ಕಾರಿಗೆ ಗೊತ್ತಿತ್ತು, ಹೇಳಲಿಲ್ಲ

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಝೋನಾ ರಾಜ್ಯದ ಟೆಂಪಿ ನಗರದಲ್ಲಿ ಉಬರ್ ಕಂಪನಿಯ ಪ್ರಾಯೋಗಿಕ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಆಕೆ ಉಳಿಯಲಿಲ್ಲ. ತನಿಖೆಯಲ್ಲಿ ಹೊರಬಿದ್ದ ಲೆಕ್ಕ ಎದೆ ನಡುಗಿಸುತ್ತದೆ. ಡಿಕ್ಕಿಗೆ 5.6 ಸೆಕೆಂಡ್ ಮುಂಚೆಯೇ ಕಾರಿನ ಕಣ್ಣಿಗೆ ಆಕೆ ಬಿದ್ದಿದ್ದರು. ವಾಹನವೋ, ಸೈಕಲ್ಲೋ, ಬೇರೇನೋ ಎಂದು ಕಂಪ್ಯೂಟರ್ ತೀರ್ಮಾನ ಬದಲಿಸುತ್ತಲೇ ಇತ್ತು. ಅಷ್ಟರಲ್ಲಿ ಕಾರು ಸುಮಾರು ನೂರು ಮೀಟರ್ ಸಾಗಿತ್ತು. ಸ್ಟೀರಿಂಗ್ ಹಿಂದೆ ಕೂತವರಿಗೆ ಎಚ್ಚರಿಕೆಯ ಸದ್ದು ಕೇಳಿಸಿದ್ದು ಕೊನೆಯ 0.2 ಸೆಕೆಂಡಿನಲ್ಲಿ. ಅವರ ಗಮನ ಮೊಬೈಲಿನ ಮೇಲಿತ್ತು, ಅದು ದೊಡ್ಡ ತಪ್ಪೇ. ಆದರೂ ಗೊಂದಲ ಶುರುವಾದಾಗಲೇ ‘ಇದೇನೆಂದು ತಿಳಿಯುತ್ತಿಲ್ಲ’ ಎಂದು ಯಂತ್ರ ಹೇಳಿದ್ದರೆ ಅವರು ತಲೆ ಎತ್ತುತ್ತಿದ್ದರೇನೋ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ತನ್ನ ಅನುಮಾನವನ್ನು ಮುಚ್ಚಿಡದ ಕಾರನ್ನು ಸ್ವೀಡನ್ನಿನ ಸಂಶೋಧಕರು 2013ರಲ್ಲೇ ಪರೀಕ್ಷಿಸಿದ್ದರು. ಹಿಮ ಸುರಿಯುವ ರಸ್ತೆಯ ಸಿಮ್ಯುಲೇಟರ್‌ನಲ್ಲಿ, ತನ್ನ ಸಾಮರ್ಥ್ಯ ಎಷ್ಟು ಕುಗ್ಗಿದೆ ಎಂಬುದನ್ನು ಕಾರು ಪರದೆಯ ಮೇಲೆ ತೋರಿಸುತ್ತಿತ್ತು. ಅದನ್ನು ಕಂಡವರು ಕಾರನ್ನು ಕಡಿಮೆ ನಂಬಿದರು, ಆದರೆ ಅಗತ್ಯ ಬಿದ್ದಾಗ ಬೇಗ ಸ್ಟೀರಿಂಗ್ ಹಿಡಿದರು. ವಿಚಿತ್ರವೆಂದರೆ, ರಸ್ತೆ ಬಿಟ್ಟು ಅತ್ತಿತ್ತ ಹೆಚ್ಚು ನೋಡುತ್ತಿದ್ದವರೂ ಇವರೇ. ಯಾವಾಗ ಎಚ್ಚರವಿರಬೇಕೆಂದು ಗೊತ್ತಿದ್ದವರಿಗೆ ಸದಾ ಆತಂಕಪಡುವ ಅಗತ್ಯವಿರಲಿಲ್ಲ ಎಂದೇ ನನಗನ್ನಿಸುತ್ತದೆ.

ಹಾಗೆಂದು ಏನಾದರೊಂದು ಹೇಳಿದರೆ ಸಾಕೇ? ಸ್ಟ್ಯಾನ್‌ಫರ್ಡ್ ಸಂಶೋಧಕರ 2015ರ ಅಧ್ಯಯನ ಅಲ್ಲ ಎನ್ನುತ್ತದೆ. ಸಿಮ್ಯುಲೇಟರ್‌ನ ಕಾರು ತಾನೇ ಬ್ರೇಕ್ ಹಾಕುವಾಗ ಕೆಲವರಿಗೆ ‘ಬ್ರೇಕ್ ಹಾಕುತ್ತಿದ್ದೇನೆ’ ಎಂಬರ್ಥದ ಮಾತಷ್ಟೇ ಕೇಳಿಸಿತು. ಅವರ ಚಾಲನೆ ಕೆಟ್ಟಿತು. ‘ಮುಂದೆ ಅಡೆತಡೆಯಿದೆ’ ಎಂಬ ಕಾರಣ ಕೇಳಿದವರು ಚೆನ್ನಾಗಿ ಓಡಿಸಿದರು, ಅವರಿಗೆ ಅದು ಹಿಡಿಸಿತು ಕೂಡ. ಎರಡನ್ನೂ ಕೇಳಿದವರ ಚಾಲನೆ ಎಲ್ಲಕ್ಕಿಂತ ಸುರಕ್ಷಿತವಾಗಿತ್ತು, ಆದರೆ ಅವರಿಗೆ ಅದು ಹಿತವೆನಿಸಲಿಲ್ಲ. ಕಂಪನಿಗಳಿಗೆ ಇಲ್ಲೇ ಪರೀಕ್ಷೆ. ಗ್ರಾಹಕರಿಗೆ ಹಿತವಾದದ್ದು ಮಾರಾಟವಾಗುತ್ತದೆ, ಜೀವ ಉಳಿಸುವುದು ಒಮ್ಮೊಮ್ಮೆ ಕಿರಿಕಿರಿ ಮಾಡುತ್ತದೆ.

ಬಿಳಿಪಟ್ಟೆ ನೋಡಿ ಲೇನ್ ಹಿಡಿಯುವಂಥ ಕೆಲಸಗಳಲ್ಲಿ ಚಾಲಕರಿಗೆ ನೆರವಾಗುವ ‘ಅಡಾಸ್’ ವ್ಯವಸ್ಥೆ ಇರುವ ಕಾರುಗಳು ಈಗ ನಮ್ಮ ರಸ್ತೆಗಳಲ್ಲೂ ಓಡುತ್ತಿವೆ. ಇಲ್ಲಿ ಬಿಳಿಪಟ್ಟೆ ಅರ್ಧ ಅಳಿಸಿರುತ್ತದೆ, ಬೈಕು ಎಡಗಡೆಯಿಂದ ನುಗ್ಗುತ್ತದೆ, ಡಿವೈಡರ್ ಸಂದಿಯಿಂದ ದನ ಅಡ್ಡ ಬರುತ್ತದೆ. ಪಟ್ಟೆ ಕಾಣದಾದಾಗ ಡ್ಯಾಶ್‌ಬೋರ್ಡಿನ ಪುಟ್ಟ ಚಿತ್ರದ ಬಣ್ಣ ಬದಲಾದರೆ ಸಾಲದು. ಲೇನ್ ಹಿಡಿಯುವ ಕೆಲಸ ನಿಂತಿದೆ, ಏಕೆ ನಿಂತಿದೆ ಎಂಬುದನ್ನು ಕಾರು ಬಾಯಿಬಿಟ್ಟು, ಸಾಧ್ಯವಾದರೆ ಓಡಿಸುವವರ ಭಾಷೆಯಲ್ಲೇ ಹೇಳಬೇಕು. ಖರೀದಿಗೆ ಮುನ್ನ ಟೆಸ್ಟ್ ಡ್ರೈವ್‌ಗೆ ಹೋದವರು ಪಟ್ಟೆ ಅಳಿಸಿದ ರಸ್ತೆಗೇ ಕಾರನ್ನು ಒಯ್ದು, ಅದು ಏನು ಹೇಳುತ್ತದೆ ಎಂದು ಗಮನಿಸಲಿ.